ಅವ್ವ ಹೇಳಿದ್ದು, ನಾನು ಬರೆದದ್ದು

ಬೊಂಬಾಯಿಯಿಂದ ಹೊರಟ ವಿಮಾನ ನೈರೋಬಿಯಲ್ಲಿ ಇಳಿದಾಗ ಬೆಳಿಗ್ಗೆ ಹತ್ತು ಗಂಟೆ. ತೊಂಬತ್ತೊಂದನೇ ಇಸವಿಯ ಜುಲೈ. ಆಫ್ರಿಕ ಅಂದರೆ ಸುಡುಬಿಸಿಲು ಎಂದುಕೊಂಡು ನಂಜನಗೂಡಿನಿಂದ ಬರೀ ತೆಳು ಅಂಗಿ ತಂದಿದ್ದೆ. ಹೊರಗೆ ಮೋಡ ಕವಿದು ಗಡಗಡ ಚಳಿ. ತಂಗಿ ಸರೋಜ ನನ್ನನ್ನು ಕಂಡವಳೇ ತನ್ನ ಶಾಲು ತೆಗೆದು ಹೊದಿಸಿದಳು.

"ಊರಿಗೆಲ್ಲ ಬಟ್ಟೆ ಹೊಲಿಯೋನಿಗೆ ಒಂದು ಸ್ವೆಟರ್ ಇಲ್ವಾ ಅಣ್ಣ?" ಎಂದು ನಕ್ಕಳು. ಎರಡು ವರ್ಷದ ಮೇಲೆ ನೋಡುತ್ತಿದ್ದೆ. ಆದರೂ ನನಗೆ ನಗು ಬರಲಿಲ್ಲ.

ಸರೋಜ ಅಲ್ಲಿ ಸಂಬಳವಿಲ್ಲದೆ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಶಾಲೆ ನಡೆಸುತ್ತಿದ್ದವರು ಮೈಸೂರು ಕಡೆಯ ಒಬ್ಬ ಡಾಕ್ಟರಮ್ಮ. ಪಾರ್ಕ್‌ಲ್ಯಾಂಡ್ಸ್‌ನ ಅವರ ಮನೆಯಲ್ಲೇ ಇವಳಿಗೆ ಊಟ, ವಸತಿ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮಿಷನ್ನಿಗೆ ಕೂತವನು. ಅವ್ವನಿಗೆ ಓದು ಬಾರದು. ತಿಂಗಳಿಗೊಮ್ಮೆ ಸರೋಜಳ ಕಾಗದವನ್ನು ಅವ್ವನಿಗೆ ಓದಿ ಹೇಳುವುದು, ಅವ್ವ ಹೇಳಿದ್ದನ್ನು ಬರೆದು ಕಳಿಸುವುದು ನನ್ನ ಕೆಲಸ. ಅವ್ವ ಹೇಳುತ್ತಿದ್ದುದು, "ಆ ಕೂಸುಗಳನ್ನ ನಡುವೆ ಬಿಟ್ಟು ಬರಬೇಡ." ನಾನು ಬರೆಯುತ್ತಿದ್ದುದು, "ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ, ಬಂದುಬಿಡು."

ಅಂಗಡಿಗೆ ಬಂದವರೆಲ್ಲ, "ಬಿಟ್ಟಿ ಕೆಲಸಕ್ಕೆ ತಂಗೀನ ಸಮುದ್ರ ದಾಟಿಸಿದ್ಯಲ್ಲೋ" ಎಂದು ಚುಚ್ಚುತ್ತಿದ್ದರು. ಅದೊಂದೇ ಅಲ್ಲ. ಅವಳು ಓದಿದಳು, ನಾನು ಓದಲಿಲ್ಲ ಎಂಬ ಉರಿಯೂ ಇತ್ತು. ಅವಳ ಉತ್ತರದಲ್ಲಿ ನನ್ನ ಸುಳ್ಳಿನ ಸುಳಿವಿದ್ದ ಸಾಲುಗಳನ್ನು ಅವ್ವನ ಮುಂದೆ ಓದದೆ ಹಾರಿಸುತ್ತಿದ್ದೆ. ಕಾಗದ ಬಂದಾಗಲೆಲ್ಲ ಸರೋಜ ಅಳುವುದನ್ನು ನೋಡಿ ಡಾಕ್ಟರಮ್ಮನೇ ನನಗೆ ಟಿಕೆಟ್ ಕಳಿಸಿದ್ದರು. "ಒಮ್ಮೆ ಶಾಲೆ ನೋಡಿ, ಆಮೇಲೆ ಬೇಕಾದರೆ ಕರೆದುಕೊಂಡು ಹೋಗಿ. ಬರುವಾಗ ಕತ್ತರಿ ತನ್ನಿ" ಎಂದು ಬರೆದಿದ್ದರು. ನನ್ನ ಸುಳ್ಳೇ ನನ್ನನ್ನು ವಿಮಾನ ಹತ್ತಿಸಿತ್ತು.

ಮರುದಿನ ಶಾಲೆಗೆ ಹೊರಟೆವು. ಎರಡು ಮಟಾಟು ಬದಲಾಯಿಸಬೇಕು. ನಮ್ಮ ಮೆಟಡೋರ್‌ನಂಥ ಗಾಡಿ; ಒಂದು ಸಲಕ್ಕೆ ಐದು ಶಿಲಿಂಗ್. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ತಗಡು ಬಡಿಯುತ್ತಾನೆ, ಜನ ತುಂಬಿದ ಮೇಲೂ ಇನ್ನಿಬ್ಬರನ್ನು ತುರುಕುತ್ತಾನೆ. ಸೌತ್ ಬಿ ಎಂಬ ಬಡಾವಣೆ ದಾಟಿ ಇಳಿದು, ತಗಡಿನ ಮನೆಗಳ ನಡುವೆ ಕೆಸರು ದಾರಿಯಲ್ಲಿ ನಡೆದರೆ ಶಾಲೆ. ಒಂದೇ ಕೋಣೆ, ಇಪ್ಪತ್ತೆರಡು ಮಕ್ಕಳು.

ಹತ್ತು ಗಂಟೆಗೆ ಮಕ್ಕಳಿಗೆ ಉಜಿ ಎಂಬ ಗಂಜಿ ಕೊಟ್ಟರು. ಕುಡಿದು ನೋಡಿದೆ. ಸಕ್ಕರೆ ಹಾಕಿದ ನಮ್ಮ ರಾಗಿ ಅಂಬಲಿಯೇ! ಸರೋಜಳ ಜೊತೆಗಾತಿ ವಂಜಿರು ನನಗೆ ಇನ್ನೊಂದು ಲೋಟ ಸುರಿದಳು. ಅಲ್ಲಿ ದರ್ಜಿಗೆ ಫುಂಡಿ ಎನ್ನುತ್ತಾರೆ. "ಫುಂಡಿ, ಸವಾ?" ಎಂದು ವಂಜಿರು ಕೇಳಿದರೆ "ಸವಾ" ಎನ್ನಬೇಕು, ಎಲ್ಲ ಸರಿ ಎಂದು. ದಿನಾ ಹಾಗೇ ಅಂದೆ. ದಿನಾ ಅವಳು ಮಂದಾಝಿ ತರುತ್ತಿದ್ದಳು, ನಮ್ಮ ಮಂಗಳೂರು ಬನ್ಸಿನಂಥದ್ದು. ಎಲ್ಲಿಂದಲೋ ಬಂದ ನನಗೆ ಅವಳು ತೋರಿದ ಅಕ್ಕರೆಯನ್ನು ಮರೆಯಲಾರೆ.

ಡಾಕ್ಟರಮ್ಮ ನೀಲಿ ಬಟ್ಟೆಯ ಥಾನು, ಕಾಲ್ಮಿಷನ್ನು ಎರಡೂ ತರಿಸಿದ್ದರು. ಹುಡುಗಿಯರಿಗೆ ಲಂಗ, ಹುಡುಗರಿಗೆ ಚಡ್ಡಿ. ನಾಲ್ಕನೇ ದಿನ ಹೊಲಿಯುತ್ತಾ, ಕಸುಬಿನ ಅಭ್ಯಾಸಕ್ಕೆ ಹೇಳಿದೆ, "ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಸಿದೀನಿ. ಬರೋ ವರ್ಷ ಮಕ್ಕಳು ಬೆಳೀತವೆ, ಆಗ ಬಿಚ್ಚಿ ಉದ್ದ ಮಾಡು."

"ಬರೋ ವರ್ಷ ನಾನೆಲ್ಲಿರ್ತೀನಿ? ವಂಜಿರುಗೆ ತೋರಿಸಿಕೊಡು" ಎಂದಳು ಸರೋಜ. "ನಿನ್ನ ಜೊತೆ ಬರ್ತೀನಿ ಅಂತ ಡಾಕ್ಟರಮ್ಮನಿಗೆ ಹೇಳಿಬಿಟ್ಟಿದೀನಿ. ಅವ್ವ ಒಂದು ಸಲಾನೂ ಈ ಮಕ್ಕಳ ಬಗ್ಗೆ ಕೇಳಲಿಲ್ಲ ಅಣ್ಣ. ಅದಕ್ಕೇ ನಾನೂ ಅವರ ವಿಷಯ ಬರೆಯೋದು ಬಿಟ್ಟೆ."

ಮಿಷನ್ನಿನ ಮೇಲಿದ್ದ ನನ್ನ ಕಾಲು ನಿಂತಿತು. ಅವ್ವ ಪ್ರತಿ ಕಾಗದದಲ್ಲೂ ಕೇಳುತ್ತಿದ್ದಳು. ನಾನು ಒಂದರಲ್ಲೂ ಬರೆದಿರಲಿಲ್ಲ. ತಲೆ ಎತ್ತದೆ ಎಲ್ಲವನ್ನೂ ಹೇಳಿದೆ.

ಅವಳು ಸೀಮೆಸುಣ್ಣ ತೆಗೆದುಕೊಂಡು ಮಕ್ಕಳ ಹತ್ತಿರ ಹೋದಳು. ಮಧ್ಯಾಹ್ನದವರೆಗೂ ಎಣಿಕೆ ಹೇಳಿಕೊಟ್ಟಳು. ಮಕ್ಕಳು ಮನೆಗೆ ಹೋದ ಮೇಲೆ ಎದುರಿಗೆ ಬಂದು ಕೂತಳು. "ಹೇಳು. ಅವ್ವ ಏನೇನು ಹೇಳಿದ್ಲು? ಮೊದಲನೇ ಕಾಗದದಿಂದ."

ಬರೆಯದೆ ಬಿಟ್ಟ ಒಂದು ಮಾತೂ ನನಗೆ ಮರೆತಿರಲಿಲ್ಲ. "ಆ ಮಕ್ಕಳ ತಲೆಗೆ ಎಣ್ಣೆ ಹಚ್ತೀಯೇನೇ? ಹೇನು ಬಿದ್ದಾವು." "ಚೆನ್ನಾಗಿ ಅಂಬಲಿ ಕುಡಿಸು." "ಆ ಮಾತಾಡದ ಹುಡುಗಿ, ನೀನು ಬರೆದಿದ್ದೆಯಲ್ಲ, ಅದೇನೋ ಹೆಸರು, ಮಾತಾಡಿದ್ಲಾ?" "ನನ್ನ ಮಗಳು ಮೇಷ್ಟ್ರಮ್ಮ ಅಂತ ಮೊನ್ನೆ ಕೆರೆ ಹತ್ತಿರ ಎಲ್ಲರಿಗೂ ಹೇಳಿದೆ." ಎಣ್ಣೆ, ಹೇನಿಗೆ ಸರೋಜ ನಕ್ಕಳು. ಕೊನೆಯದಕ್ಕೆ ಸೆರಗು ಬಾಯಿಗಿಟ್ಟುಕೊಂಡಳು.

"ನಾನು ಬರಲ್ಲ" ಎಂದಳು. "ಅವ್ವನಿಗೂ ಇದನ್ನ ನೀನೇ ಹೇಳಬೇಕು."

ಎರಡು ದಿನ ಅವಳು ಅಳತೆಯ ಲೆಕ್ಕ ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಒಂದು ಹಳೆ ಸ್ವೆಟರ್ ತಂದು ನನ್ನ ಮಡಿಲಿಗೆ ಎಸೆದಳು. "ಹಾಕ್ಕೋ. ನಡುಗುತ್ತಾ ಹೊಲಿದ್ರೆ ಹೊಲಿಗೆ ಸೊಟ್ಟ ಆಗುತ್ತೆ." ಅದಕ್ಕಿಂತ ದೊಡ್ಡ ಉಡುಗೊರೆ ನನಗೆ ಯಾರೂ ಕೊಟ್ಟಿಲ್ಲ.

ಹನ್ನೊಂದನೇ ದಿನ ಮಕ್ಕಳೆಲ್ಲ ಹೊಸ ಬಟ್ಟೆ ತೊಟ್ಟು ನಿಂತರು. ಒಬ್ಬ ಹುಡುಗಿ ಲಂಗ ಎತ್ತಿಹಿಡಿದು ನನ್ನ ಮುಂದೆ ಬಂದು "ನ್ಡೆಫು! ನ್ಡೆಫು!" ಎಂದು ಜೋರು ಮಾಡಿದಳು.

"ಉದ್ದ ಅಂತೆ, ಬೈತಿದಾಳೆ" ಎಂದಳು ಸರೋಜ. "ಇವಳೇ ಅಕಿನ್ಯಿ. ಆ ಮಾತಾಡದ ಹುಡುಗಿ. ಈಗ ಬಾಯಿ ಮುಚ್ಚಿಸೋದೇ ಕಷ್ಟ."

ಹನ್ನೆರಡನೇ ದಿನ ಒಬ್ಬನೇ ವಿಮಾನ ಹತ್ತಿದೆ. ಕಳಿಸಲು ಬಂದ ಡಾಕ್ಟರಮ್ಮನಿಗೆ ಕೈಮುಗಿದು "ಅಸಾಂಟೆ" ಎಂದೆ. ಥ್ಯಾಂಕ್ಸ್‌ಗೆ ಅಲ್ಲಿಯ ಮಾತು.

ಊರು ಮುಟ್ಟಿದಾಗ ಅವ್ವ ಬಾಗಿಲಲ್ಲೇ ಕೇಳಿದಳು, "ಆ ಹುಡುಗಿ ಮಾತಾಡಿದ್ಲಾ?"

"ಮಾತಾಡ್ತಾಳೆ ಅವ್ವ. ನಾನು ಹೊಲಿದ ಲಂಗ ಉದ್ದ ಅಂತ ಬೈದಳು."

ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಉಳಿದದ್ದನ್ನೂ ಹೇಳಿದೆ. ನಗು ನಿಂತಿತು. ಅವತ್ತು ಅನ್ನ ಬಡಿಸಿಟ್ಟು ಒಳಗೆ ಹೋಗಿ ಮಲಗಿದಳು.

ಮರುದಿನ ವಿದೇಶಕ್ಕೆ ಹಾಕುವ ಕಾಗದ ತಂದು ಮುಂದಿಟ್ಟಳು. ಅವಳು ಹೇಳಿದಳು, ನಾನು ಬರೆದೆ. ಬರೆದಾದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿಯ ಹತ್ತಿರ ಹೋದಳು. ಆ ಹುಡುಗಿ ಗಟ್ಟಿಯಾಗಿ ಓದುತ್ತಿದ್ದುದು ನಮ್ಮ ಜಗಲಿಗೆ ಕೇಳುತ್ತಿತ್ತು. ಎಣ್ಣೆ, ಹೇನು, ಅಂಬಲಿ, ಲಂಗ, ಎಲ್ಲ ಇತ್ತು.

ಅವ್ವ ವಾಪಸ್ ಬಂದು ಕಾಗದವನ್ನು ನನ್ನ ಕೈಗೆ ಕೊಟ್ಟು, "ಅಂಟಿಸು" ಎಂದಳು.