ಹೆಣದ ಬಟ್ಟೆಯ ಕಾವಲು

ಪದ್ದಕ್ಕನಿಗೆ ಬೀಗದ ಮೇಲೆ ನಂಬಿಕೆ ಇರಲಿಲ್ಲ. ಅವರು ನಂಬಿದ್ದು ಹೇಸಿಗೆಯನ್ನು. ಯಾವ ಮಾತನ್ನಾದರೂ ‘ಥೂ’ ಎಂದೇ ಶುರು ಮಾಡುತ್ತಿದ್ದರು. ಹಾಲು ನೀರಾಗಿದ್ದರೆ ಥೂ. ಕಾಶಿಯ ಸೋನಾರ್‌ಪುರದಲ್ಲಿ ಇ-ರಿಕ್ಷಾದವನು ಪಕ್ಕಕ್ಕೆ ವಾಲಿ ಪಾನ್ ಉಗಿದರೆ ಎರಡು ಥೂ. ನಾನು ಪತ್ರಿಕೆಯ ಕೆಲಸ ಮುಗಿಸಿ ಬಂದು ಊರಿನ ಸುದ್ದಿ ಹೇಳಿದರೆ ಕೊನೆಯವರೆಗೂ ಕೇಳಿ ಉದ್ದನೆಯ ಒಂದು ಥೂ. ನಿಜಕ್ಕೂ ಉಗುಳಿದ್ದನ್ನು ನಾನು ಕಂಡಿಲ್ಲ. ಅದೂ ಅವರಿಗೆ ಹೇಸಿಗೆಯೇ.

ಭೇಲೂಪುರದ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಕೆಳಗೆ ಪದ್ದಕ್ಕ, ಮಗ ಶ್ರೀಪತಿ, ಸೊಸೆ ಸುಮಾ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಹನುಮಾನ್ ಘಾಟಿನಲ್ಲಿ ತೀರ್ಥಶ್ರಾದ್ಧ, ಗಂಗಾಪೂಜೆ ಮಾಡಿಸುವುದು ಶ್ರೀಪತಿಯ ವೃತ್ತಿ. ಸಾವಾದ ಮನೆಯ ಅಪರಕರ್ಮಕ್ಕೆ ಅವನು ಹೋಗುತ್ತಿರಲಿಲ್ಲ; ಅದಕ್ಕೆ ಬೇರೆಯವರಿದ್ದಾರೆ ಎನ್ನುವುದನ್ನು ಕೇಳದವರಿಗೂ ಹೇಳುತ್ತಿದ್ದ. ಸುಮಾ ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸು. ಕಾಶಿಯಲ್ಲೇ ಹುಟ್ಟಿ ಬೆಳೆದವಳು, ಮಾತು ಕನ್ನಡದಲ್ಲಿ ಶುರುವಾಗಿ ಹಿಂದಿಯಲ್ಲಿ ಮುಗಿಯುತ್ತಿತ್ತು. ಬೆಳಗಿನ ಡ್ಯೂಟಿಗೆ ರಿಕ್ಷಾಗಳು ಬೀದಿಗಿಳಿಯುವ ಮೊದಲೇ ಹೋಗಬೇಕಾದ್ದರಿಂದ ಅವಳಿಗೆ ಸೈಕಲ್ಲೇ ಗತಿ.

ಮನೆಯ ಹಿಂದೆ ಪೂಜೆಗೆಂದು ಬೆಳೆಸಿದ ತುಳಸಿ, ದಾಸವಾಳ, ಒಂದು ಬಿಲ್ವದ ಮರ ಇದ್ದ ಪುಟ್ಟ ತೋಟ. ಅದರ ಮೂಲೆಯಲ್ಲಿ ತಗಡಿನ ಶೆಡ್ಡು. ಮನೆಯ ಮೂರು ಸೈಕಲ್ಲುಗಳೂ ಅಲ್ಲೇ ನಿಲ್ಲಬೇಕು. ಒಳಗೆ ತರುವ ಮಾತೇ ಇಲ್ಲ. “ಗಲ್ಲಿಯ ಸಗಣಿ, ಪಾನಿನ ಎಂಜಲು, ಇನ್ನೇನೇನೋ ತುಳ್ಕೊಂಡು ಬಂದ ಚಕ್ರ. ಅದನ್ನ ನನ್ನ ದೇವರ ಮುಂದೆ ನಿಲ್ಲಿಸ್ತೀರಾ? ಥೂ!” ಎಂದು ಪದ್ದಕ್ಕ ತೀರ್ಮಾನ ಮಾಡಿದ್ದರು.

ಒಂದು ಬೆಳಿಗ್ಗೆ ಸುಮಾಳ ಸೈಕಲ್ ಶೆಡ್ಡಿನಲ್ಲಿರಲಿಲ್ಲ. ಶೆಡ್ಡಿನ ಬೀಗ ಒಡೆದಿರಲಿಲ್ಲ, ತೆರೆದು ನೇತಾಡುತ್ತಿತ್ತು. “ಬೀಗ ಹಾಕೋದನ್ನೇ ಮರೆತಿದ್ದಾಳೆ. ಸಾಕು, ಇನ್ನು ಮನೇಲಿರಲಿ” ಎಂದ ಶ್ರೀಪತಿ. ತಾನು ಇನ್ನೊಂದು ಸೈಕಲ್ ಕೊಳ್ಳುವುದಿಲ್ಲ, ಬೇರೆ ಯಾರಾದರೂ ಕೊಡಿಸಿ ಅದೂ ಹೋದರೆ ನೌಕರಿಯ ಹೆಸರೆತ್ತುವಂತಿಲ್ಲ ಎಂದೂ ಹೇಳಿದ. ಪದ್ದಕ್ಕ ತಮ್ಮ ಬಳೆಯೊಂದನ್ನು ಮಾರಿಸಿ ಹಳೆಯದೊಂದು ಸೈಕಲ್ ತರಿಸಿದರು. “ಇದು ಹೋಗಲ್ಲ. ನಾನಿದೀನಿ” ಎಂದರು.

ಸೊಸೆಯ ಮೇಲೆ ಅಂಥ ಪಕ್ಷಪಾತಕ್ಕೆ ಕಾರಣವಿತ್ತು. ಹಿಂದಿನ ವರ್ಷ ಸಕ್ಕರೆ ಕಾಯಿಲೆಯಿಂದ ಪದ್ದಕ್ಕನ ಪಾದದಲ್ಲಿ ಹುಣ್ಣಾಗಿ ಕೊಳೆತಿತ್ತು. ಆ ವಾಸನೆಗೆ ನಾನು ಮೆಟ್ಟಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಶ್ರೀಪತಿ ಬಾಗಿಲಾಚೆ ನಿಂತು, ಶಲ್ಯದ ತುದಿಯನ್ನು ಮೂಗಿಗೆ ಹಿಡಿದು, “ಹೇಗಿದೀಯಮ್ಮ?” ಎನ್ನುತ್ತಿದ್ದ. ಡ್ಯೂಟಿ ಮುಗಿಸಿ ಬಂದ ಸುಮಾ ನೆಲದ ಮೇಲೆ ಕೂತು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೀವು ತೊಳೆಯುತ್ತಿದ್ದಳು. ಜಗತ್ತಿಗೆಲ್ಲ ಥೂ ಎನ್ನುತ್ತಿದ್ದ ಪದ್ದಕ್ಕ ಆಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿರುತ್ತಿದ್ದರು. “ಇವಳಿಗೆ ಹೇಸಿಗೇನೇ ಇಲ್ಲವಲ್ಲಪ್ಪಾ” ಎಂದು ಒಮ್ಮೆ ನನ್ನಲ್ಲಿ ಹೇಳಿದರು. ಅವರ ಬಾಯಲ್ಲಿ ನಾನು ಕೇಳಿದ ದೊಡ್ಡ ಹೊಗಳಿಕೆ ಅದು.

ಸೈಕಲ್ಲಿನ ಕಾವಲು ಹರಳೆಣ್ಣೆ, ಸಗಣಿ, ಕೊಳೆತ ಈರುಳ್ಳಿಯಿಂದ ಶುರುವಾಯಿತು. ಸಂಜೆ ಪದ್ದಕ್ಕ ಸೀಟಿಗೂ ಹ್ಯಾಂಡಲ್ಲಿಗೂ ಬಳಿಯುವರು, ಬೆಳಿಗ್ಗೆ ಸುಮಾ ಒರೆಸಿಕೊಂಡು ಹೋಗುವಳು. ನೊಣಗಳು ಮಹಡಿಗೂ ಹತ್ತಿದವು. ನಾನು ಗೊಣಗಿದಾಗ ಪದ್ದಕ್ಕ ಒಪ್ಪಿಕೊಂಡರು: “ನಿಜ, ಇದು ಸಾಲದು. ಸಗಣಿಗೆ ಹೆದರೋ ಕಳ್ಳ ಈ ಊರಲ್ಲಿ ಎಲ್ಲಿದ್ದಾನೆ?”

ಮರುದಿನ ಅವರು ಕುಂಟುತ್ತ ಹರಿಶ್ಚಂದ್ರ ಘಾಟಿಗೆ ಹೋದರು. ಹನುಮಾನ್ ಘಾಟಿನ ಪಕ್ಕದ ಸ್ಮಶಾನ ಅದು. ಚಟ್ಟ ಬಿಚ್ಚಿದ ಮೇಲೆ ಹೆಣಕ್ಕೆ ಹೊದಿಸಿದ್ದ ಜರಿಯಂಚಿನ ಬಟ್ಟೆಗಳು ಅಲ್ಲಿ ಕೆಸರಲ್ಲಿ ಬಿದ್ದಿರುತ್ತವೆ. ಅವುಗಳಲ್ಲಿ ಕೆಲವನ್ನು ಅಡುಗೆಮನೆಯ ಹಳೆಯ ಇಕ್ಕಳದಲ್ಲಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಬಂದರು. ಸಂಜೆ ಇಕ್ಕಳದಿಂದಲೇ ಸೈಕಲ್ಲುಗಳಿಗೆ ಸುತ್ತಿದರು, ಬಾಡಿದ ಚೆಂಡುಹೂವಿನ ಹಾರವನ್ನೂ ತೂಗಿಬಿಟ್ಟರು. ನೋಡಿದರೆ, ಸತ್ತವರ ಹೆಸರಲ್ಲಿ ಹನ್ನೊಂದನೆಯ ದಿನ ದಾನಕ್ಕಿಡುವ ವಸ್ತುವಿನಂತೆಯೇ ಕಾಣಬೇಕು. ಆ ದಾನ ಹಿಡಿಯುವವರನ್ನು ಬಿಟ್ಟು ಕಾಶಿಯಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಇದನ್ನೆಲ್ಲ ಮಾಡುವಾಗ ಅವರಿಗೇ ವಾಕರಿಕೆ ಬರುತ್ತಿತ್ತು. ಮುಗಿಸಿ ತಲೆಗೆ ಸ್ನಾನ ಮಾಡುತ್ತಿದ್ದರು.

ನನ್ನ ಸೈಕಲ್ಲಿಗೆ ಬೇಡ ಎಂದೆ. ಜರಿಯ ಮೇಲೆ ಕೆಸರು ಹೆಪ್ಪುಗಟ್ಟಿತ್ತು, ತುಪ್ಪ ಕಮಟು ಹಿಡಿದ ವಾಸನೆ ಬೇರೆ. “ಬೇಡವಾದ್ರೆ ಬಿಡಪ್ಪಾ. ಓದಿದವನು” ಎಂದರು. ಆ ವಾರವೇ ಶೆಡ್ಡಿನ ಬೀಗ ಒಡೆದಿತ್ತು. ನನ್ನ ಸೈಕಲ್ ಇರಲಿಲ್ಲ. ಶ್ರೀಪತಿಯದು ಬಟ್ಟೆ ಸುತ್ತಿಕೊಂಡು ನಿಂತಲ್ಲೇ ಇತ್ತು. ಸುಮಾಳದ್ದು ಬಿಲ್ವದ ಮರದವರೆಗೆ ಬಂದು ಅಲ್ಲೇ ಅಡ್ಡ ಬಿದ್ದಿತ್ತು. ಬೆಳಕಿಗೆ ತಂದು ನೋಡಿದ ಕಳ್ಳ ಅಲ್ಲೇ ಕೈಬಿಟ್ಟು ಹೋಗಿದ್ದ.

“ನೋಡಿದ್ಯಾ? ಕಳ್ಳನಿಗೂ ಮಡಿ ಇದೆ!” ಎಂದು ಪದ್ದಕ್ಕ ನಕ್ಕರು. ಅವರು ಹಾಗೆ ಬಾಯಿ ತುಂಬ ನಕ್ಕಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ನಾನು ಹೊಸ ಸೈಕಲ್ ಕೊಂಡು, ಮರುಮಾತಿಲ್ಲದೆ ಬಟ್ಟೆ ಕಟ್ಟಿಸಿಕೊಂಡೆ. ನನ್ನದನ್ನೂ ಶ್ರೀಪತಿಯದನ್ನೂ ಬೆಳಿಗ್ಗೆ ಪದ್ದಕ್ಕನೇ ಇಕ್ಕಳದಿಂದ ಬಿಚ್ಚಿಕೊಡುತ್ತಿದ್ದರು. ಸುಮಾ ಮಾತ್ರ ಇಕ್ಕಳ ಹುಡುಕುತ್ತಿರಲಿಲ್ಲ. ಬರಿಗೈಯಲ್ಲಿ ಬಿಚ್ಚಿ ಮೂಲೆಗೆಸೆದು, ಸೋಪಿನಲ್ಲಿ ಕೈ ತೊಳೆದು ಹೊರಡುತ್ತಿದ್ದಳು. “ಮುಟ್ಟಬೇಡ್ವೇ!” ಎಂದು ಅತ್ತೆ ಕೂಗಿದರೆ, “ಅತ್ತೆ, ಅಲ್ಲಿ ದಿನಾ ಇದಕ್ಕಿಂತ ಜಾಸ್ತಿ ಮುಟ್ತೀನಿ. ಏನಾಗತ್ತೆ? ಕುಛ್ ನಹೀ ಹೋತಾ” ಎನ್ನುವಳು.

ನೂಲು ಹುಣ್ಣಿಮೆ ಕಳೆದು ಕೆಲವೇ ದಿನಗಳಾಗಿದ್ದವು. ಬೆಳಿಗ್ಗೆ ಸುಮಾ ಶೆಡ್ಡಿನಿಂದ ಬರಿಗೈಯಲ್ಲಿ ಬಂದಳು. ಸೈಕಲ್ ಇಲ್ಲ. ಬಟ್ಟೆ ನೆಲದ ಮೇಲಿದೆ. ಬೀಗ ಮತ್ತೆ ಒಡೆಯದೆ ತೆರೆದಿದೆ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಪದ್ದಕ್ಕ ಥೂ ಎನ್ನಲಿಲ್ಲ. ಹೆಣದ ಬಟ್ಟೆ ಬಿಚ್ಚುವ ಎದೆಗಾರಿಕೆ ಯಾರದು ಎಂದು ಆ ಬಟ್ಟೆಯನ್ನೇ ನೋಡುತ್ತ ನಿಂತಿದ್ದರು.

ಅಷ್ಟರಲ್ಲಿ ಶ್ರೀಪತಿ ಘಾಟಿನಿಂದ ಬಂದ. ಪಂಚೆ, ಶಲ್ಯ ಎರಡರಿಂದಲೂ ನೀರು ಸೋರುತ್ತಿತ್ತು. ಎದೆಯ ಮೇಲೆ ಅರಿಶಿನ ಹಚ್ಚಿದ ಹೊಸ ಜನಿವಾರ.

“ಸ್ನಾನ ಮಾಡ್ಕೊಂಡೇ ಹೋದ್ಯಲ್ಲೋ?” ಎಂದರು ಪದ್ದಕ್ಕ.

“ಗಂಗೇಲಿ ಇನ್ನೊಂದು ಮುಳುಗು ಹಾಕ್ದೆ, ಅಮ್ಮ.”

“ಉಟ್ಟ ಬಟ್ಟೇಲೇ?”

ಅವನು ಶಲ್ಯ ಹಿಂಡತೊಡಗಿದ.

“ಜನಿವಾರ ಯಾಕೆ ಹೊಸದು?”

“ಹಳೇದು ಹರೀತು.”

“ಮೊನ್ನೆ ತಾನೇ ಎಲ್ಲರ ಜೊತೆ ಹಾಕ್ಕೊಂಡಿದ್ದು, ಇಷ್ಟು ಬೇಗ ಹರೀತಾ?”

ಹೆಣದ ಮೈಲಿಗೆ ಮುಟ್ಟಿದವನು ಉಟ್ಟ ಬಟ್ಟೆಯಲ್ಲೇ ಮುಳುಗಬೇಕು, ಜನಿವಾರ ಬದಲಾಯಿಸಬೇಕು. ಇದು ಅವನಿಗೆ ಗೊತ್ತು, ಅವನಿಗೆ ಕಲಿಸಿದ ಮನೆಗೂ ಗೊತ್ತು. ಕದಿಯುವುದು ಅವನಿಗೆ ಕಷ್ಟವಾಗಿರಲಿಕ್ಕಿಲ್ಲ. ಆದರೆ ಆ ಬಟ್ಟೆ ಮುಟ್ಟಿ ಸುಮ್ಮನಿರುವುದು ಅವನಿಂದ ಆಗಲಿಲ್ಲ.

“ಕದ್ದ ಕೈಗೆ ಮೈಲಿಗೆ ಹತ್ತಲಿಲ್ಲ. ಬಟ್ಟೆ ಮುಟ್ಟಿದ ಕೈಗೆ ಹತ್ತಿತಾ?” ಎಂದರು ಪದ್ದಕ್ಕ. ದನಿ ಏರಿರಲಿಲ್ಲ. “ಮೊದಲನೇದೂ ನೀನೇ ಅಲ್ವಾ?”

ಶ್ರೀಪತಿ ನನ್ನ ಕಡೆ ನೋಡಿದ, ಹೊರಗಿನವನು ಎದ್ದು ಹೋಗಲಿ ಎನ್ನುವಂತೆ. ನಾನು ಕದಲಲಿಲ್ಲ. ಕೊನೆಗೆ ಸಿಟ್ಟಿನಿಂದಲೇ ಹೇಳಿದ: “ಊರಿಂದ ಬರೋ ಯಾತ್ರಿಕರು ನೋಡ್ತಾರೆ. ಪುರೋಹಿತರ ಮನೆ ಸೊಸೆ ಕಂಡವರ ಕೀವು ತೊಳೆಯೋಕೆ ಸೈಕಲ್ ತುಳ್ಕೊಂಡು ಹೋಗ್ತಾಳೆ. ಅದೇ ಕೈಯ್ಯಲ್ಲಿ ಅಡುಗೆ. ನಂಗೆ ಹೇಸಿಗೆ ಆಗಲ್ವಾ?”

ಪದ್ದಕ್ಕ ತಮ್ಮ ಪಾದವನ್ನು ಮುಂದೆ ಚಾಚಿದರು. ಹುಣ್ಣು ಮಾಯ್ದ ಕಲೆ ಕಪ್ಪಾಗಿತ್ತು. “ಇದು ಕಂಡವರದಾ? ಥೂ ನಿನ್ನ!” ಎಂದರು. “ಹೋಗು, ಎಲ್ಲಿಟ್ಟಿದೀಯೋ ಅಲ್ಲಿಂದ ತಗೊಂಡು ಬಾ. ಇವತ್ತಿಂದ ನಿನ್ನ ಎಲೆ ಹೊರಗಿನ ಜಗಲಿಗೆ.”

ಸೋನಾರ್‌ಪುರದ ಯಾವುದೋ ರಿಪೇರಿ ಅಂಗಡಿಯಿಂದ ಸೈಕಲ್ ಬಂತು. ಪದ್ದಕ್ಕ ಅದನ್ನು ಶೆಡ್ಡಿಗೆ ಬಿಡಲಿಲ್ಲ. ದೇವರ ಮನೆ ದಾಟಿಸಿ, ತಮ್ಮ ಕೋಣೆಯಲ್ಲಿ ಮಂಚಕ್ಕೆ ತಾಗಿಸಿ ನಿಲ್ಲಿಸಿದರು. ತಾವು ಆರು ತಿಂಗಳು ಬಳಿದ ಸಗಣಿ, ಹೊತ್ತ ಬಟ್ಟೆ ಎಲ್ಲವೂ ಸ್ವಂತ ಮಗನನ್ನು ತಡೆಯುವುದಕ್ಕೇ ಆಯಿತು ಎಂಬುದನ್ನು ಅವರು ಆಮೇಲೆ ಬಾಯಿಬಿಟ್ಟು ಆಡಲಿಲ್ಲ.

ಅವರನ್ನು ಕೊನೆಯದಾಗಿ ಮಾತಾಡಿಸಿದ್ದು ಚಳಿಗಾಲದಲ್ಲಿ, ಅದೇ ಕೋಣೆಯಲ್ಲಿ. ಜ್ವರ, ಉಬ್ಬಸ. ಒಂದು ಕೈ ಸೈಕಲ್ಲಿನ ಪೆಡಲಿನ ಮೇಲಿತ್ತು. “ಚಕ್ರ ನೋಡಪ್ಪಾ, ಗಲ್ಲಿಯೆಲ್ಲ ಮೆತ್ಕೊಂಡಿದೆ. ಥೂ” ಎಂದರು. ಪೆಡಲನ್ನು ಸವರುತ್ತ, “ನಾನು ಹೋದ್ಮೇಲೆ ಇದನ್ನ ಎಲ್ಲಿಡ್ತಾಳೋ” ಎಂದರು.

ಅವರು ತೀರಿಕೊಂಡ ಹನ್ನೊಂದನೆಯ ದಿನ ತೋಟದಲ್ಲಿ ದಾನದ ವಸ್ತುಗಳನ್ನು ಜೋಡಿಸಿದ್ದರು: ಪದ್ದಕ್ಕನ ಮಂಚ, ಹಾಸಿಗೆ, ಕೊಡೆ, ಚಪ್ಪಲಿ, ನೀರಿನ ಚೊಂಬು. ಕೊನೆಯಲ್ಲಿ, ಬಿಳಿ ಬಟ್ಟೆ ಹೊದಿಸಿದ ಸುಮಾಳ ಸೈಕಲ್. “ಅಮ್ಮ ಅದನ್ನ ಪಕ್ಕದಲ್ಲೇ ಇಟ್ಕೊಂಡಿದ್ಲು. ಅವಳ ಬಳೆಯಲ್ಲೇ ತಂದಿದ್ದು. ಅವಳಿಗೇ ಸಲ್ಲಬೇಕು” ಎಂದ ಶ್ರೀಪತಿ. ಬಂದಿದ್ದ ಹಿರಿಯರು ತಲೆದೂಗಿದರು. ಈ ಸಲ ಅವನಿಗೆ ಶಾಸ್ತ್ರವೇ ಬೀಗ ತೆರೆದುಕೊಟ್ಟಿತ್ತು.

ಸುಮಾ ಹಿಂಬಾಗಿಲಿನಿಂದ ಬಂದು, ಯಾರನ್ನೂ ಕೇಳದೆ ಸೈಕಲ್ಲಿನ ಸ್ಟ್ಯಾಂಡ್ ಒದ್ದಳು.

“ಅವಳನ್ನ ಹಿಡೀರಿ!” ಎಂದು ಕೂಗಿದ ಶ್ರೀಪತಿ.

ಹಿರಿಯರು ಪಂಚೆ ಎತ್ತಿಕೊಂಡು ದಾರಿ ಬಿಟ್ಟರು. ಸಂಕಲ್ಪ ಮುಗಿದು ಸತ್ತವಳಿಗೆ ಇಟ್ಟ ವಸ್ತು, ಇನ್ನು ಅದನ್ನು ಮನೆಯವರೂ ಮುಟ್ಟುವಂತಿಲ್ಲ; ಮುಟ್ಟಿದ ಕೈಯನ್ನೂ. ದಾನ ಹಿಡಿಯಲು ಬಂದಿದ್ದವನೊಬ್ಬನೇ ಮುಟ್ಟಬಹುದಿತ್ತು. ಅವನು ಕೊಡೆಯನ್ನು ಬಿಚ್ಚಿ ನೋಡುತ್ತ, “ಜಾನೇ ದೀಜಿಯೇ ಮಹಾರಾಜ್, ಬಹೂ ಕೀ ಹೈ” ಎಂದ, ಸೊಸೆಯದೇ ತಾನೆ, ಹೋಗಲಿ ಬಿಡಿ ಎನ್ನುವಂತೆ. ಗೇಟಿನಲ್ಲಿ ಗಂಡ ಅಡ್ಡ ಬಂದ. ಸುಮಾ ಸೈಕಲ್ಲಿನ ಮೇಲಿನ ಬಿಳಿ ಬಟ್ಟೆ ಎಳೆದು ಅವನತ್ತ ಚಾಚಿದಳು.

ಜನಿವಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವನು ಹಿಂದಕ್ಕೆ ಸರಿದ. ಬಟ್ಟೆಯನ್ನು ಗೇಟಿನ ಮೇಲೆ ಹಾಕಿ, ಅವಳು ಸೈಕಲ್ ಹತ್ತಿ ಹೋದಳು.