ಮಲಗಿದರೆ ಹೋಗುವ ತಲೆನೋವು

ಮಗಳು ಹುಟ್ಟುವಾಗ ಸಿಸೇರಿಯನ್‌ಗೆಂದು ನನ್ನ ಬೆನ್ನುಮೂಳೆಗೆ ಇಂಜೆಕ್ಷನ್ ಕೊಟ್ಟಿದ್ದರು. ಮೂರನೇ ದಿನ ಹಾಸಿಗೆಯ ಮೇಲೆ ಎದ್ದು ಕೂತೆ ನೋಡಿ, ತಲೆಯನ್ನು ಯಾರೋ ಎರಡೂ ಕಡೆಯಿಂದ ಹಿಡಿದು ಹಿಂಡಿದ ಹಾಗಾಯಿತು. ಮಲಗಿದೆ, ಹೋಯಿತು. ಮತ್ತೆ ಎದ್ದೆ, ಬಂತು. ಕೆಲವರಿಗೆ ಹೀಗಾಗುತ್ತದೆ, ನೀರು ಕುಡಿಯಿರಿ, ಕಾಫಿ ಕುಡಿಯಿರಿ, ಆದಷ್ಟು ಮಲಗಿರಿ, ವಾರದಲ್ಲಿ ಹೋಗುತ್ತದೆ ಎಂದರು ಡಾಕ್ಟರು. ಹೋಗಲಿಲ್ಲ. ಮಗಳು ಅಂಬೆಗಾಲಿಡುವ ಹೊತ್ತಿಗೂ ವಾರಕ್ಕೆ ಎರಡು ಮೂರು ದಿನ ಬಂದೇ ಬರುತ್ತಿತ್ತು. ಸ್ಕ್ಯಾನ್ ಮಾಡಿಸಿದೆವು, ಅದರಲ್ಲಿ ಏನೂ ಕಾಣಲಿಲ್ಲ.

ಬಾಣಂತಿಗೆ ಕಾಫಿ ಕೂಡದು ಎಂದು ಹಟ ಹಿಡಿದಿದ್ದ ಅತ್ತೆ, ಡಾಕ್ಟರ ಮಾತು ಕೇಳಿದ ಮೇಲೆ ತಾವೇ ಗಟ್ಟಿ ಡಿಕಾಕ್ಷನ್ ಇಳಿಸಿ ಲೋಟ ತಂದುಕೊಡುತ್ತಿದ್ದರು. ಒಮ್ಮೆ ನಾದಿನಿ ಬಂದವಳು, "ಇಂಥ ನೋವು ನಮಗೂ ಒಂದಿದ್ದಿದ್ರೆ ಚೆನ್ನಾಗಿತ್ತು ಕಣಮ್ಮ, ಅಡುಗೆಮನೆ ಕಡೆ ಹೋಗೋದೇ ಬೇಡ" ಎಂದು ಅಣಕಿಸಿದಳು. ಕೋಣೆಯಲ್ಲಿ ಮಲಗಿದ್ದ ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ಅಂದುಬಿಡೋಣವೆಂದು ಏಳುವಷ್ಟರಲ್ಲಿ ಅತ್ತೆಯೇ ತಮ್ಮ ಮಗಳ ಮೇಲೆ ಹರಿಹಾಯ್ದರು. "ಬೆನ್ನಿಗೆ ಸೂಜಿ ಚುಚ್ಚಿಸ್ಕಂಡಿರೋಳು ಅವ್ಳು. ಸುಳ್ಳಾಡೋಳಲ್ಲ. ಸುಮ್ಕಿರು."

ಅತ್ತೆಗೆ ಕಣ್ಣು ಮಂಜಾಗುತ್ತಿತ್ತು. ಡ್ರಾಪ್ಸ್ ಹಾಕಿ ಪರೀಕ್ಷೆ ಮಾಡುತ್ತೇವೆ, ಆಮೇಲೆ ಒಂದೆರಡು ಗಂಟೆ ಸರಿಯಾಗಿ ಕಾಣುವುದಿಲ್ಲ, ಜೊತೆಗೆ ಒಬ್ಬರು ಇರಲೇಬೇಕು ಎಂದು ಕಣ್ಣಾಸ್ಪತ್ರೆಯಲ್ಲಿ ಹೇಳಿದ್ದರು. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ನಾನು ಹೋಗುವುದೆಂದಾಯಿತು. ಮಗುವನ್ನು ನೋಡಿಕೊಳ್ಳಲು ಪಕ್ಕದ ಮನೆಯವರು ಒಪ್ಪಿದರು.

ಆ ಬೆಳಿಗ್ಗೆ ನನ್ನ ತಲೆ ಹಗುರವಾಗಿತ್ತು. ಆದರೆ ಸಿಟಿ ಬಸ್ಸು, ಚೀಟಿಯ ಕ್ಯೂ, ಆಸ್ಪತ್ರೆಯ ಬೆಂಚು ಎಲ್ಲ ನೆನೆದೇ ಸಾಕೆನಿಸಿತು. ಮಗು ಹುಟ್ಟಿದ ಮೇಲೆ ಒಂದು ಬೆಳಿಗ್ಗೆಯೂ ನನ್ನದಾಗಿರಲಿಲ್ಲ. "ಅತ್ತೆ, ತಲೆ..." ಎಂದೆ. ಅಷ್ಟೇ ಸಾಕಾಯಿತು.

"ಮಲಿಕೊ ಕಣಮ್ಮ, ಏಳ್ಬೇಡ. ನಾನೊಬ್ಳೇ ಓಗ್ಬುಟ್ಟು ಬತ್ತೀನಿ."

ಕಿಟಕಿಯ ಪರದೆ ಎಳೆದರು, ಕಾಫಿ ತಂದಿಟ್ಟರು, ಮಗುವನ್ನು ಪಕ್ಕದ ಮನೆಗೆ ಬಿಟ್ಟು ಬಸ್ ಸ್ಟಾಪಿನ ಕಡೆ ನಡೆದರು. ಗೇಟಿನ ಸದ್ದಾದದ್ದೇ ತಡ, ನಾನು ಗೋಡೆಗೊರಗಿ ಕೂತು ಮೊಬೈಲ್ ತೆಗೆದೆ. ಸೀರೆಗಳನ್ನು ನೋಡಿದೆ, ರೀಲ್ಸ್ ನೋಡಿದೆ, ಕಾಫಿಯನ್ನು ಆರುವ ಮುಂಚೆಯೇ ಕುಡಿದೆ. ಸುಖವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಅತ್ತೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ನಮ್ಮ ಸ್ಟಾಪಿನ ಗುರುತು ಸಿಗದೆ ಎರಡು ಸ್ಟಾಪು ಮುಂದೆ ಇಳಿದು, ಬಿಸಿಲಿಗೆ ಸೆರಗು ಅಡ್ಡ ಹಿಡಿದುಕೊಂಡು ನಡೆದು ಬಂದಿದ್ದರು. ಎಲ್ಲೋ ಎಡವಿ ಚಪ್ಪಲಿ ಕಿತ್ತಿತ್ತು, ಹೆಬ್ಬೆರಳಿನಲ್ಲಿ ರಕ್ತ ಒಣಗಿತ್ತು. ಬಾಗಿಲು ತಡವಿಕೊಂಡು ಒಳಗೆ ಬಂದವರು ಮಂಚದ ಕಡೆ ತಿರುಗಿ, "ಈಗ ಎಂಗದೆ ಕಣಮ್ಮ ತಲೆನೋವು?" ಎಂದರು.

ನಾನು ಮಂಚದ ಮೇಲಿರಲಿಲ್ಲ. ಅವರ ಪಕ್ಕದಲ್ಲೇ ನಿಂತಿದ್ದೆ.

ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿಲ್ಲ. ಕಾಲು ತೊಳೆಯೋಣವೆಂದು ಬಗ್ಗಿದೆ. "ಬುಡು ಬುಡು, ಬಗ್ಬೇಡ, ಮತ್ತೆ ತಲೆ ಇಡ್ಕಂಡಾತು" ಎಂದು ಕಾಲು ಹಿಂದಕ್ಕೆಳೆದುಕೊಂಡರು. ನಿಜ ಹೇಳಿಬಿಡಲು ಎರಡು ಸಲ ಬಾಯಿ ತೆರೆದೆ. ಹೇಳಿದರೆ ಅವರು ಬೈಯುವುದಿಲ್ಲ, ಸುಮ್ಮನಾಗುತ್ತಾರೆ ಎಂಬುದು ಗೊತ್ತಿತ್ತು. ಅದಕ್ಕೇ ಹೆದರಿ ಹೇಳಲಿಲ್ಲ.

ಮೂರು ದಿನ ಬಿಟ್ಟು ನೋವು ನಿಜವಾಗಿಯೇ ಬಂತು. ಅಡುಗೆಕಟ್ಟೆ ಹಿಡಿದುಕೊಂಡು ನಿಂತು ಸಾರಿಗೆ ಒಗ್ಗರಣೆ ಹಾಕಿದೆ. ಅತ್ತೆ ಹತ್ತಿರ ಬಂದು ನನ್ನ ಮುಖ ನೋಡಿ, "ತಲೆ ನೋಯ್ತಾ ಅದಾ?" ಎಂದು ಕೇಳಿದರು.

"ಇಲ್ಲ ಅತ್ತೆ, ಏನೂ ಇಲ್ಲ" ಎಂದೆ.

ಅವರು ಅದನ್ನೂ ನಂಬಿದರು.