ತಲೆಯಾಡಿಸದೆ ಹೌದೆನ್ನಿ

ಬೆಳಗಿನ ಆರೂವರೆ. ನಮ್ಮ ಪ್ಲೊವ್ದಿವ್ ನಗರದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ದೊಬ್ರಿಂಕಾ ಕಾಲೆವಾ ಜಾಲರಿಯಂಥ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನ ತೊಟ್ಟಿಗೆ ಇಳಿಬಿಡುತ್ತಾರೆ. ಅದು ಮೆತ್ತಗಾಗುವಷ್ಟರಲ್ಲಿ, ಮೇಜಿನ ಮೇಲೆ ಮಲಗಿರುವ ಟೊಮೆಟೊ ಬೆಳೆಗಾರ ಝಪ್ರ್ಯಾನ್‌ಗೆ ತಾಕೀತು ನಡೆದಿದೆ. "ಹೋದ ವಾರ ಒಂದು ಮುಖವಾಡ ಹಾಳ್ಮಾಡಿದ್ದೀಯ ಅಣ್ಣಾ. ಇವತ್ತೂ ತಲೆ ಆಡಿಸಿದ್ರೆ ಮೊಳೆ ಹೊಡೆದು ಕೂರಿಸ್ತೀನಿ ನೋಡು!"

ಝಪ್ರ್ಯಾನ್‌ಗೆ ಕಿವಿಯ ಕೆಳಗೆ ಗಂಟು ಎದ್ದಾಗ ನೋವಿರಲಿಲ್ಲ. ಕಿಟಕಿಯ ಗಾಳಿ ಹೊಡೆದಿದೆ ಎಂದು ಹೆಂಡತಿ ತ್ಸೇನಾ ರಕಿಯಾ ಸಾರಾಯಿಯಲ್ಲಿ ಅದ್ದಿದ ಬಟ್ಟೆ ಕಟ್ಟಿದಳು. ಗಂಟು ಮಾತ್ರ ಬೆಳೆಯುತ್ತಲೇ ಹೋಯಿತು. ಕೊನೆಗೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಿದರೆ ಸಾರ್ಕೋಮಾ: ಸ್ನಾಯು, ಕೊಬ್ಬುಗಳಂಥ ಮೆದು ಭಾಗದಲ್ಲಿ ಹುಟ್ಟುವ ಕ್ಯಾನ್ಸರ್. ಕುತ್ತಿಗೆಯಲ್ಲಿ ತೀರಾ ಅಪರೂಪ. ಇಂಥದ್ದನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಮಾಂಸದ ಸಮೇತ ಕತ್ತರಿಸಬೇಕು. ಕುತ್ತಿಗೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಶಸ್ತ್ರಚಿಕಿತ್ಸೆ ಮಾಡಿದಾಗ ಮಿದುಳಿಗೆ ರಕ್ತ ಒಯ್ಯುವ ನಾಳದ ಪಕ್ಕ ಚಾಕು ನಿಂತಿತು. ಅಲ್ಲಿ ಉಳಿದಿರಬಹುದಾದದ್ದನ್ನು ಇನ್ನು ವಿಕಿರಣ ಚಿಕಿತ್ಸೆಯ ಕಿರಣಗಳೇ ಸುಡಬೇಕು, ಬೆನ್ನುಹುರಿಗೆ ತಾಗದಂತೆ. ಅದಕ್ಕಾಗಿ ಪ್ರತಿಸಲವೂ ತಲೆಯನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವ ಮುಖವಾಡ ಬೇಕು. ಇವತ್ತಿನದು ಸರಿಯಾಗಿ ಕೂತರೆ ಸೋಮವಾರವೇ ಚಿಕಿತ್ಸೆ ಶುರು. ಕೆಟ್ಟರೆ ಮತ್ತೆ ಮುಂದಕ್ಕೆ, ಮತ್ತು ಈ ಕಾಯಿಲೆ ಯಾರಿಗೂ ಕಾಯುವುದಿಲ್ಲ.

ದೊಬ್ರಿಂಕಾ ಮೊದಲು ಶೂ ಕಾರ್ಖಾನೆಯಲ್ಲಿ ತೊಗಲನ್ನು ಅಚ್ಚಿಗೆ ಎಳೆದು ಕೂರಿಸುತ್ತಿದ್ದರು. ಅದು ಮುಚ್ಚಿದ ಮೇಲೆ ಇಲ್ಲಿ ನೆಲ ಒರೆಸಲು ಬಂದು, ಈ ಕೆಲಸ ಕಲಿತರು. ಈಗ ದಿನಕ್ಕೆ ನಾಲ್ಕೈದು ಮುಖವಾಡ. ಕಾಟ ಕೊಡುವುದು ಪ್ಲಾಸ್ಟಿಕ್ ಅಲ್ಲ, ನಮ್ಮ ಜನರ ಕತ್ತು. ನಾವು ಹೌದೆನ್ನಲು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುವವರು. "ಶುರುವಿನಲ್ಲಿ ಪಾಪ ಅನ್ನಿಸಿ 'ಆರಾಮಾ?' ಅಂತ ಕೇಳ್ತಿದ್ದೆ. ಎಲ್ರೂ ಮರ್ಯಾದಸ್ಥರು, ತಲೆ ಆಡಿಸೋರು. ಅಲ್ಲಿಗೆ ಮುಖವಾಡ ಸೊಟ್ಟ!" ಎಂದು, ಮೂಲೆಯಲ್ಲಿ ನಿಂತು ಬರೆದುಕೊಳ್ಳುತ್ತಿರುವ ನನಗೆ ಹೇಳಿ ನಗುತ್ತಾರೆ. ಈಗ ರೋಗಿಯ ಕೈಗೊಂದು ರಬ್ಬರ್ ಬಾತುಕೋಳಿ ಕೊಡುತ್ತಾರೆ. ಒಂದು ಸಲ ಒತ್ತಿದರೆ ಹೌದು, ಎರಡು ಸಲಕ್ಕೆ 'ತೆಗೀರಿ'.

ಬೆಚ್ಚನೆಯ ಹಾಳೆ ಝಪ್ರ್ಯಾನ್ ಮುಖದ ಮೇಲೆ ಇಳಿಯುತ್ತದೆ. ದೊಬ್ರಿಂಕಾರ ಬೆರಳುಗಳು ಗದ್ದ, ಕುತ್ತಿಗೆ, ಭುಜ ಎಂದು ಒತ್ತುತ್ತಾ ಹೋಗುತ್ತವೆ. ಗಟ್ಟಿಯಾಗುವ ತನಕ ಅವನು ಮಿಸುಕಬಾರದು. ಬಾಗಿಲಲ್ಲಿ ನಿಂತ ತ್ಸೇನಾ ಕಡೆ ತಿರುಗಿ, "ಏನೂ ಕೇಳ್ಬೇಡಮ್ಮಾ, ಬೈಯಿ. ಹೆಂಡ್ತಿ ಬೈದ್ರೆ ಯಾವ ಗಂಡ್ಸೂ ಅಲ್ಲಾಡಲ್ಲ" ಎನ್ನುತ್ತಾರೆ.

ತ್ಸೇನಾಗೆ ಅಷ್ಟೇ ಬೇಕಿತ್ತು. "ಟೊಮೆಟೊಗೆ ಹುಳ ಬಿದ್ರೆ ಎದ್ದೂಬಿದ್ದೂ ಔಷಧಿ ತರ್ತಾನೆ. ತನ್ನ ಕುತ್ತಿಗೆ ಮಾತ್ರ ಬಿಟ್ಟಿ ಬಂದಿದ್ದು! ಡಾಕ್ಟ್ರ ಹತ್ರ ಹೋಗೋ ಅಂದ್ರೆ ಸಸಿಗೆ ನೀರು ಬಿಡ್ಬೇಕಂತೆ!" ಝಪ್ರ್ಯಾನ್ ಕಲ್ಲಿನಂತೆ ಮಲಗಿದ್ದಾನೆ. ಇದ್ದಕ್ಕಿದ್ದಂತೆ ಅವಳ ದನಿ ಒಡೆಯುತ್ತದೆ. "ಬರೋ ವರ್ಷ ಸಸಿ ನೆಡೋಕೆ ನನ್ ಜೊತೆ ಇರ್ತೀಯೇನೋ?"

ದೊಬ್ರಿಂಕಾ ಎರಡೂ ಅಂಗೈಯಿಂದ ಹಾಳೆಯನ್ನು ಒತ್ತಿ ಹಿಡಿಯುತ್ತಾರೆ. ಬೇಡವೆಂದ ಪ್ರಶ್ನೆ ಬಂದೇ ಬಿಟ್ಟಿತು. ಜಾಲರಿಯ ಕೆಳಗೆ ಕುತ್ತಿಗೆಯ ನರವೊಂದು ಬಿಗಿಯುತ್ತದೆ, ಸಡಿಲವಾಗುತ್ತದೆ. ಆಮೇಲೆ ಬಾತುಕೋಳಿ ಕೀಚೆನ್ನುತ್ತದೆ. ಒಂದೇ ಸಲ.

ಗಟ್ಟಿಯಾದ ಮುಖವಾಡವನ್ನು ಬಿಡಿಸಿ, ಮತ್ತೆ ಹಾಕಿ, ಸಂದಿನಲ್ಲಿ ಬೆರಳು ತೂರುವುದೇ ಎಂದು ದೊಬ್ರಿಂಕಾ ನೋಡುತ್ತಾರೆ. ತೂರುವುದಿಲ್ಲ. "ಸೋಮವಾರ ಬಾ ಅಣ್ಣಾ" ಎಂದು ಅದನ್ನು ತೆಗೆದು, ತ್ಸೇನಾ ಕಡೆ ನೋಡುತ್ತಾರೆ. "ಈಗ ಕೇಳಮ್ಮಾ."

ತ್ಸೇನಾ ಮತ್ತೆ ಕೇಳುತ್ತಾಳೆ. ಹೊಲಿಗೆ ಹಾಕಿದ ಜಾಗ ಎಳೆಯುತ್ತಿದ್ದರೂ ಝಪ್ರ್ಯಾನ್ ಎಡಕ್ಕೂ ಬಲಕ್ಕೂ ಧಾರಾಳವಾಗಿ ತಲೆ ಆಡಿಸುತ್ತಾನೆ.

ನಿಮಗೇನು ಆಸೆ ಎಂದು ದೊಬ್ರಿಂಕಾರನ್ನು ಕೇಳಿದೆ. ಕೈ ಒರೆಸಿಕೊಳ್ಳುತ್ತಾ ಅವನತ್ತ ಬೊಟ್ಟು ಮಾಡಿದರು. "ಎಲ್ಲಾ ಮುಗಿಸ್ಕೊಂಡು ಒಂದಿನ ಬಂದು, ಈ ಬಾಗಿಲಲ್ಲಿ ನಿಂತು, ಹಿಂಗೇ ತಲೆ ಆಡಿಸಿ ಹೋಗ್ಲಿ. ಸಾಕು."